ಇಸ್ತ್ರಿಯವನ ಮನೆಗೆ ಬಂದ ಬಾಳೆಕಾಯಿ

ಇಸ್ತ್ರಿಯವನನ್ನು ಬೀದಿಯವರೆಲ್ಲ ಗರಿಗರಿಯಣ್ಣ ಎಂದೇ ಕರೆಯುತ್ತಿದ್ದರು. "ಗರಿಗರಿಯಾಗಿದೆ, ನೋಡ್ಕೊಳ್ಳಿ" ಎನ್ನದೆ ಅವನು ಯಾರ ಬಟ್ಟೆಯನ್ನೂ ಕೈಬಿಟ್ಟವನಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ, ಒಂದು ಪರದೆ ದಾಟಿದರೆ ಅಡುಗೆಮನೆ. ತೊಡುತ್ತಿದ್ದುದು ಬಿಳಿ ಅಂಗಿ ಮಾತ್ರ. ಬೋರ್ಡು ಬರೆಸುವ ಬದಲು ತಾನೇ ಬೋರ್ಡಾಗಿ ನಿಂತಿದ್ದ ಎಂದರೂ ಸರಿಯೇ. ಅಂಗಿಯ ಮೇಲೆ ಒಂದು ಚುಕ್ಕೆ ಬಿದ್ದರೂ ಅವತ್ತು ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅದಕ್ಕೇ ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಕಟ್ಟಪ್ಪಣೆ ಮಾಡಿದ್ದ: ಈ ಮನೆಯೊಳಕ್ಕೆ ಬಾಳೆಕಾಯಿ ಬರಕೂಡದು. ಅದರ ಸೊನೆ ಬಟ್ಟೆಗೆ ಹತ್ತಿತೆಂದರೆ ಬಟ್ಟೆ ಹರಿದರೂ ಕಲೆ ಹೋಗದು. ಬಾಳೆಕಾಯಿ ಎಂದರೆ ಪ್ರಾಣ ಬಿಡುತ್ತಿದ್ದ ಹೆಂಡತಿ, ಹೋಗಲಿ ಅತ್ಲಾಗೆ ಎಂದು ಸುಮ್ಮನಾಗಿದ್ದಳು.

ಈಚೆಗೆ ಅವಳು ಹಾಲು, ಮೊಸರು, ಮೊಟ್ಟೆ, ಮಾಂಸ ಎಲ್ಲವನ್ನೂ ಬಿಟ್ಟಳು. "ಇನ್ನೊಂದು ಜೀವದಿಂದ ಕಿತ್ಕೊಂಡಿದ್ದು ನಂಗೆ ಬೇಡ" ಎಂದಳು, ಅಷ್ಟೇ. ಗಂಡನ ಮೇಲೆ ಹೇರಲಿಲ್ಲ, ಅವನದನ್ನು ಬೇರೆ ಮಾಡಿ ಬಡಿಸುತ್ತಿದ್ದಳು. ಇವನ ಬಾಯಿ ಸುಮ್ಮನಿರಬೇಕಲ್ಲ! ಅಂಗಡಿ ತುಂಬ ಗಿರಾಕಿಗಳಿದ್ದ ಒಂದು ಸಂಜೆ, "ನಮ್ಮನೇಲಿ ಈಗ ಅಡುಗೆ ಚಿಂತೆನೇ ಇಲ್ಲ, ಬೇಲಿ ಹತ್ರ ಕಟ್ಟಿಬಿಟ್ರೆ ಅವಳೇ ಮೇಯ್ಕೊತಾಳೆ" ಎಂದುಬಿಟ್ಟ. ಎಲ್ಲರೂ ನಕ್ಕರು. ಬೀದಿಕೊನೆಯ ಟೀಚರಮ್ಮ ಮಾತ್ರ ನಗದೆ ಪರದೆಯತ್ತ ನೋಡಿದರು. ಅಲ್ಲಿ ಹೆಂಡತಿ ನಿಂತಿದ್ದಳು.

ಅವಳು ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು. ಹೊತ್ತಿಗೆ ಸರಿಯಾಗಿ ಅವನಿಗೆ ಬಡಿಸಿ, ತನ್ನ ತಟ್ಟೆ ಹಿಡಿದು ಹಿತ್ತಿಲ ಮೆಟ್ಟಿಲಿಗೆ ಹೋಗತೊಡಗಿದಳು. ಮಾತು ಬೇಕು, ಬೇಡ ಎಂಬಷ್ಟಕ್ಕೇ ನಿಂತಿತು. ತಪ್ಪಾಯಿತೆಂದು ಹೇಳಲು ಬಾಯಿ ತೆರೆದರೆ ಸಾಕು, "ಬಟ್ಟೆ ಕೊಟ್ಟು ಬರ್ತೀನಿ" ಎಂದು ಗಂಟು ಎತ್ತಿಕೊಳ್ಳುತ್ತಿದ್ದಳು. ಒಬ್ಬನೇ ಕೂತು ಉಣ್ಣುವುದೆಂದರೆ ಅವನಿಗೆ ಶಿಕ್ಷೆಯಾಗಿತ್ತು. ಅವಳು ಮತ್ತೆ ಎದುರು ಕೂತು ಉಂಡರೆ ಸಾಕು, ಅವನಿಗೆ ಬೇರೇನೂ ಬೇಕಿರಲಿಲ್ಲ.

ಅವಳು ಬಟ್ಟೆ ತಲುಪಿಸಲು ಹೋಗಿದ್ದ ಒಂದು ಬೆಳಿಗ್ಗೆ ಅವನು ಗಿರಾಕಿಗಳ ಬಟ್ಟೆಯನ್ನೆಲ್ಲ ಪಕ್ಕದ ಮನೆಗೆ ಸಾಗಿಸಿದ. ಆಮೇಲೆ ಕಳ್ಳಮಾಲು ತರುವವನಂತೆ ಚೀಲದಲ್ಲಿ ಮುಚ್ಚಿಕೊಂಡು ಬಾಳೆಕಾಯಿ ತಂದ. ಜೊತೆಗೆ ಅವಳು ಈಗೀಗ ತರುತ್ತಿದ್ದ ತೋಫು, ಸೋಯಾ ಹಾಲು ಒಡೆಸಿ ಮಾಡಿದ ಬಿಳಿ ಗಟ್ಟಿ.

"ಮೇಲೆ ಭಾರ ಇಟ್ಟು ನೀರು ತೆಗೀರಿ ಅಣ್ಣಾ, ಮಸಾಲೆ ಚೆನ್ನಾಗಿ ಹಿಡಿಯುತ್ತೆ" ಎಂದಿದ್ದ ತೋಫು ಮಾರಿದ ಅಂಗಡಿಯವನು. ಭಾರವೆಂದರೆ ಇವನಿಗೆ ಹೊಳೆದದ್ದು ಒಂದೇ. ತಣ್ಣಗಿದ್ದ ಇದ್ದಿಲ ಇಸ್ತ್ರಿಪೆಟ್ಟಿಗೆಯನ್ನು ತೋಫುವಿನ ಮೇಲೆ ಕೂರಿಸಿ, ಅದೂ ಸಾಲದೆಂದು ಅಭ್ಯಾಸಬಲದಿಂದ ಕೈಯಲ್ಲೂ ಒತ್ತಿದ. ತೋಫು ಪುಡಿಪುಡಿಯಾಯಿತು. ಮಾಡುವುದೇನು, ಕೈಗೆ ಎಣ್ಣೆ ಹಚ್ಚಿಕೊಂಡು ಬಾಳೆಕಾಯಿಯ ಸಿಪ್ಪೆ ಹೆರೆದು ಹೋಳುಗಳನ್ನು ನೀರಿಗೆ ಹಾಕಿದ. ಈರುಳ್ಳಿ, ಶುಂಠಿ, ಟೊಮೆಟೊ ಬಾಡಿಸಿ, ಅರಿಶಿನ, ಖಾರದಪುಡಿ, ಉಪ್ಪು ಉದುರಿಸಿ, ಹೋಳು ಬೇಯಿಸಿದ. ತೆಂಗಿನಹಾಲು ಸುರಿದು, ಕೊನೆಗೆ ಆ ತೋಫುಪುಡಿಯನ್ನೂ ಬೆರೆಸಿದ. ಸುಲಭದ ಅಡುಗೆಯೇ, ಆದರೆ ಬೆವರು ಮಾತ್ರ ಧಾರಾಕಾರ.

ಅಷ್ಟರಲ್ಲಿ ಟೀಚರಮ್ಮ ಸೀರೆಗೆಂದು ಬಂದರು. ಅವನು ಸೌಟು ಹಿಡಿದೇ ಬಾಗಿಲಿಗೆ ಬಂದ.

"ಘಮಘಮ ಅಂತಿದೆ! ಮನೆಯವರು ಮಾಡ್ತಿದಾರಾ?"

"ಇಲ್ಲ ಮೇಡಂ, ನಾನೇ ಮಾಡ್ತಿರೋದು. ಅವತ್ತು ನಿಮ್ಮೆಲ್ಲರ ಮುಂದೆ ಅವಳನ್ನ ಹಂಗೆ ಆಡ್ಕೊಂಡ್ನಲ್ಲ, ದೊಡ್ಡ ತಪ್ಪು. ಹೇಳೋಣ ಅಂದ್ರೆ ಅವಳು ಕೇಳಿಸ್ಕೊಳ್ಳೋದೇ ಇಲ್ಲ."

ಟೀಚರಮ್ಮ ಪಕ್ಕಕ್ಕೆ ಸರಿದರು. ಹಿಂದೆಯೇ ಖಾಲಿ ಚೀಲ ಹಿಡಿದು ಹೆಂಡತಿ ನಿಂತಿದ್ದಳು. ಸೀರೆ ನಾಳೆ ಸಾಕೆಂದು ಟೀಚರಮ್ಮ ಅಲ್ಲಿಂದ ಜಾಗ ಖಾಲಿ ಮಾಡಿದರು.

ಹೆಂಡತಿ ನೋಡುತ್ತಿದ್ದುದು ಅವನ ಅಂಗಿಯನ್ನು. ಎದೆಯಿಂದ ಹೊಟ್ಟೆಯವರೆಗೆ ಕಂದುಬಣ್ಣದ ಕಲೆ.

"ಬಾಳೆಕಾಯಿ ತಂದ್ರಾ? ನೀವು?"

"ನಿಂಗಿಷ್ಟ ಅಲ್ವಾ."

"ಅಂಗಿ ಹಾಳಾಯ್ತಲ್ರೀ! ಇದು ಹೋಗಲ್ಲ."

"ಅಂಗಿ ತಾನೆ, ಹೋದ್ರೆ ಹೋಗ್ಲಿ ಬಿಡು."

ಆ ಬಾಯಿಂದ ಇಂಥ ಮಾತು ಬಂದೀತೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಕೈತೊಳೆದು ಬಂದು ಅಡುಗೆಮನೆಯಲ್ಲೇ ಕೂತಳು. ಅವನು ಬಡಿಸಿದ. ಮೊದಲ ತುತ್ತು ಬಾಯಿಗಿಟ್ಟದ್ದೇ ತಡ, ಶುರುವಾಯಿತು.

"ಇಷ್ಟು ದಪ್ಪ ಹೆಚ್ತಾರೇನ್ರೀ? ನಡುವೆ ಬೆಂದೇ ಇಲ್ಲ. ಉಪ್ಪು ಪುಕ್ಕಟೆ ಸಿಕ್ತು ಅಂತ ಸುರಿದ್ರಾ? ತೋಫು ಯಾಕೆ ಹಿಂಗೆ ಮರಳಾಗಿದೆ?"

"ಇಸ್ತ್ರಿಪೆಟ್ಟಿಗೆ ಇಟ್ಟಿದ್ದೆ."

ನಗು ತಡೆಯಲಾರದೆ ಅವಳಿಗೆ ನೆತ್ತಿಗೆ ಹತ್ತಿತು. ನೀರು ಕುಡಿದು, ಸುಧಾರಿಸಿಕೊಂಡು, ಮತ್ತೆ ಬೈಯತೊಡಗಿದಳು. ಅವನು ನಿಂತಲ್ಲೇ ನಿಂತು ಕೇಳಿಸಿಕೊಂಡ. ಅವಳು ಇಷ್ಟುದ್ದ ಮಾತಾಡಿ ಎಷ್ಟು ಕಾಲವಾಗಿತ್ತೋ! ಒಂದೊಂದು ಬೈಗುಳಕ್ಕೂ ಎದೆ ಹಗುರಾಗುತ್ತಿತ್ತು.

"ಕಂಬದ ಥರ ನಿಂತ್ರೆ ಹೇಗೆ? ನಿಮ್ಮ ತಟ್ಟೆ ಎಲ್ಲಿ?"

ಹಿತ್ತಿಲಲ್ಲಿ ಬೋರಲು ಹಾಕಿದ್ದ ತಟ್ಟೆ ತರಲು ಹೋದವನು ಅಲ್ಲೇ ನಿಂತು ಕಣ್ಣೊರೆಸಿಕೊಂಡ. ಒಳಗಿಂದ ಅವಳ ದನಿ ಕೇಳಿತು.

"ಬೇಗ ಬನ್ರೀ. ನೀವು ಬರೋ ತನಕ ನಾನು ತುತ್ತು ಎತ್ತಲ್ಲ."