ಇಂಚಣ್ಣನ ಆರನೆಯ ಕೋಟು

ಶಾಸಕರ ಚುನಾವಣಾ ದಾಖಲೆ ಬೇಕಾದವರು ಚುನಾವಣಾ ಕಚೇರಿಗೆ ಹೋಗಿ, ಅರ್ಜಿ ಬರೆದು, ಮೂರು ಕಿಟಕಿ ಅಲೆದು, ನಾಲ್ಕನೆಯ ದಿನ ಒಂದು ಹಾಳೆ ಪಡೆಯುತ್ತಾರೆ. ಆರನೆಯ ಚುನಾವಣೆಗೆ ಮುಂಚಿನ ಲೆಕ್ಕ ಇದು: ಐದು ಸ್ಪರ್ಧೆ, ಮೂರು ಗೆಲುವು, ಎರಡು ಸೋಲು. ಅದೇ ದಾಖಲೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿಯವನ ಪಕ್ಕದ ಹೊಲಿಗೆ ಅಂಗಡಿಯಲ್ಲಿ, ಅರ್ಜಿಯಿಲ್ಲದೆ ಸಿಗುತ್ತದೆ. ಆದರೆ ಅಲ್ಲಿ ಅದು ಮತಗಳಲ್ಲಿ ಇಲ್ಲ, ಇಂಚುಗಳಲ್ಲಿ ಇದೆ.

ಅಂಗಡಿಯವನನ್ನು ಬೀದಿಯೆಲ್ಲ ಇಂಚಣ್ಣ ಎಂದೇ ಕರೆಯುತ್ತದೆ. ಅರವತ್ತೊಂದು ವರ್ಷ, ಸಪೂರ ಮೈ, ಕೊರಳಲ್ಲಿ ಸದಾ ಟೇಪು. ಯಾರನ್ನು ಕಂಡರೂ ಮೊದಲು ಭುಜ ನೋಡುತ್ತಾನೆ, ಆಮೇಲೆ ಮುಖ. "ನಾನು ಸತ್ರೆ ಇವನು ಅಳೋಕೆ ಮುಂಚೆ ಅಳತೆ ತಗೋತಾನೆ" ಎಂದು ಬೀಗದವನು ಗಿರಾಕಿಗಳಿಗೆ ಹೇಳುವುದುಂಟು. ಅಂಗಡಿಯಲ್ಲಿ ಎರಡು ಮೆಷಿನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೂಲೆ ಸೀಳಿದ ಒಂದು ಆಳೆತ್ತರದ ಕನ್ನಡಿ, ಅದರ ಮುಂದೆ ಟ್ರಯಲ್ ನೋಡಲು ಒಂದು ಪರದೆ. ಒಂದು ಮೆಷಿನ್ನು ಅವನದು, ಇನ್ನೊಂದು ಹೆಂಡತಿಯದು. ಕಾಜಾ, ಗುಂಡಿ, ಹೆಂಗಸರ ಬಟ್ಟೆ ಎಲ್ಲ ಅವಳ ಪಾಲು.

ಅಳತೆ ಪುಸ್ತಕಗಳೂ ಎರಡು. ಗಂಡಸರದು ಮೇಜಿನ ಮೇಲೆ ಬಿದ್ದಿರುತ್ತದೆ, ಯಾರು ಬೇಕಾದರೂ ತಿರುವಬಹುದು. ಹೆಂಗಸರದು ಹೆಂಡತಿಯ ಡ್ರಾಯರಿನಲ್ಲಿ, ಕೀಲಿ ಅವಳ ಸೊಂಟದಲ್ಲಿ. ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ಇಂಚಣ್ಣ ಆ ಪುಸ್ತಕದ ರಟ್ಟು ಮಾತ್ರ ಕಂಡಿದ್ದಾನೆ.

ಶಾಸಕರು ಅವನ ಶಾಲೆಯ ಬೆಂಚಿನ ಜೊತೆಗಾರ. ಹೊರಗೆ ಅವರು ಸಾಹೇಬರು. ಪರದೆ ಎಳೆದ ಮೇಲೆ ಲೋ. ಮೊದಲ ಚುನಾವಣೆಯಿಂದ ಅವರಿಬ್ಬರಲ್ಲಿ ಒಂದು ಪದ್ಧತಿ ನಡೆದು ಬಂದಿದೆ. ನಾಮಪತ್ರ ಸಲ್ಲಿಸಿದ ದಿನ ನೇರ ಅಂಗಡಿಗೆ ಬಂದು ಕೋಟಿಗೆ ಅಳತೆ ಕೊಡುವುದು. ಪ್ರಚಾರ ಮುಗಿದ ಮರುದಿನ ಟ್ರಯಲ್. ಗೆದ್ದರೆ ಅದೇ ಕೋಟು ತೊಟ್ಟು ಪ್ರಮಾಣವಚನ. ಇಂಚಣ್ಣ ನಡುವಿನ ಅಳತೆಯಲ್ಲಿ ಎರಡು ಇಂಚು ಕಳೆದು ಕತ್ತರಿಸುತ್ತಾನೆ. ಅಭ್ಯರ್ಥಿ ಬೀದಿ ಬೀದಿ ತಿರುಗಿದರೆ ಎರಡು ಇಂಚು ತಾನಾಗಿ ಕರಗುತ್ತದೆ, ಕೋಟು ಕೂರುತ್ತದೆ. ಗಾಡಿಯಲ್ಲೇ ಕೂತರೆ ಗುಂಡಿ ಸೇರುವುದಿಲ್ಲ, ಗೆಲುವೂ ಸೇರುವುದಿಲ್ಲ. ಇದು ಅವನ ಸಿದ್ಧಾಂತ.

ಪುಸ್ತಕ ಹೇಳುವ ಪ್ರಕಾರ ಮೊದಲ ಸಲ ಶಾಸಕರ ನಡು ಮೂವತ್ತೊಂದರಿಂದ ಇಪ್ಪತ್ತೊಂಬತ್ತಕ್ಕೆ ಇಳಿದಿತ್ತು. ಆದರೂ ಬಿದ್ದದ್ದು ಆರುನೂರ ಹನ್ನೆರಡು ಮತ, ಠೇವಣಿ ಹೋಯಿತು. ಸಿದ್ಧಾಂತ ಸುಳ್ಳಾಯಿತಲ್ಲ ಎಂದು ಯಾರಾದರೂ ಕೆಣಕಿದರೆ ಇಂಚಣ್ಣ ಮುಖ ಗಂಟಿಕ್ಕಿ ವಿವರಿಸುತ್ತಾನೆ: ಅಭ್ಯರ್ಥಿ ನಡೆದದ್ದು ನಿಜ, ಆದರೆ ಕಾಲುವೆ ದಾಟಿ ಎಂಟು ದಿನ ತಿರುಗಿದ ಬೀದಿಗಳೆಲ್ಲ ಪಕ್ಕದ ಕ್ಷೇತ್ರಕ್ಕೆ ಸೇರಿದ್ದವು. ಅಲ್ಲಿನ ಜನ ಬಾಯ್ತುಂಬ ಮಾತಾಡಿಸಿ ಕಳಿಸಿದ್ದರು, ಪಾಪ, ಯಾರೂ ಹೇಳಿರಲಿಲ್ಲ.

ಎರಡನೆಯ ಸಲ ಮೂವತ್ತರಿಂದ ಇಪ್ಪತ್ತೆಂಟು. ಇನ್ನೂರ ನಾಲ್ಕು ಮತದ ಗೆಲುವು. ಮೂರನೆಯ ಸಲ ಮೂವತ್ನಾಲ್ಕರಿಂದ ಮೂವತ್ತೆರಡು. ಹನ್ನೊಂದು ಸಾವಿರದ ಗೆಲುವು, ಮೇಲೆ ಹನ್ನೊಂದು ತಿಂಗಳ ಮಂತ್ರಿಗಿರಿ, ಖಾತೆ ಮುದ್ರಣ ಮತ್ತು ಲೇಖನ ಸಾಮಗ್ರಿ. ಆ ಅವಧಿಯಲ್ಲಿ ಅವರು ಸದನದಲ್ಲಿ ಎರಡು ಸಲ ಮಾತಾಡಿದರು, ಒಂದು ಸಲ ಕಿಟಕಿ ಮುಚ್ಚಿ ಎಂದು. ನಾಲ್ಕನೆಯ ಚುನಾವಣೆಗೆ ಪಕ್ಷ ಬದಲಿಸಿದರು. ಕೋಟಿನ ಒಳಪದರ ನೀಲಿ ಬೇಡ, ಹಸಿರು ಹಾಕು ಎಂದರು. ತೆರೆದ ಗಾಡಿಯಲ್ಲಿ ನಿಂತು ಕೈಬೀಸಿದರು. ನಡು ಮೂವತ್ತೆಂಟರಿಂದ ಮೂವತ್ತೆಂಟೂವರೆಗೆ ಏರಿತು, ಮೂರು ಸಾವಿರದಿಂದ ಸೋತರು. ಐದನೆಯ ಸಲ ಹಳೆಯ ಪಕ್ಷಕ್ಕೆ ಮರಳಿ, ಮುಖ ಸಣ್ಣದು ಮಾಡಿಕೊಂಡು, ನೀಲಿ ಬಟ್ಟೆ ಸಿಗುತ್ತದೆಯೇ ಎಂದು ಕೇಳಿದರು. ಇಂಚಣ್ಣ ಅಟ್ಟದಿಂದ ಒಂದು ಗಂಟು ಇಳಿಸಿದ.

"ಉಳಿದಿದ್ದು ಎತ್ತಿಟ್ಟಿದ್ದೆ. ಬೇಕಾಗತ್ತೆ ಅಂತ ಗೊತ್ತಿತ್ತು."

ಅವರು ನಡೆದರು, ಎರಡು ಇಂಚು ಇಳಿದರು, ಗೆದ್ದರು.

ಸೋತ ವರ್ಷದ ಎರಡು ಕೋಟುಗಳು ಮೇಜಿನ ಹಿಂದಿನ ಗೋಡೆಯಲ್ಲಿ ಇವತ್ತಿಗೂ ನೇತಾಡುತ್ತಿವೆ. ಒಂದರ ಹೆಗಲ ಮೇಲೆ ಇಪ್ಪತ್ತೈದು ವರ್ಷದ ಧೂಳು. ಗಿರಾಕಿಗಳು ಅದನ್ನು ನೋಡಿದಾಗೆಲ್ಲ ಇಂಚಣ್ಣ ಕತ್ತರಿಯನ್ನು ಅದಿಲ್ಲದ ಕಡೆ ಹುಡುಕತೊಡಗುತ್ತಾನೆ.

ಆರನೆಯ ಚುನಾವಣೆ ಬರುವ ಹೊತ್ತಿಗೆ ಅವನ ಕಣ್ಣು ಕೈಕೊಟ್ಟಿತ್ತು. ಸೂಜಿಗೆ ದಾರ ಪೋಣಿಸಿಕೊಡುವುದು ಹೆಂಡತಿಯ ಕೆಲಸವಾಗಿತ್ತು. ಈ ಕೋಟು ಮುಗಿಸಿ ಮೆಷಿನ್ನಿಗೆ ಮುಸುಕು ಹಾಕುತ್ತೇನೆ ಎಂದು ಬೀದಿಗೆಲ್ಲ ಸಾರಿಬಿಟ್ಟಿದ್ದ. ಅವನಿಗಿದ್ದ ಆಸೆ ಒಂದೇ. ಕೊನೆಯ ಕೋಟು ಸದನದ ಒಳಗೆ ಹೋಗಬೇಕು, ಗೋಡೆಗೆ ಮೂರನೆಯದಾಗಿ ಸೇರಬಾರದು.

ನಾಮಪತ್ರದ ದಿನ ಟೇಪು ನಲವತ್ತೊಂದು ಎಂದಿತು. ಮೂವತ್ತೊಂಬತ್ತಕ್ಕೆ ಕತ್ತರಿಸಿದ. ಎದುರಾಳಿ ಯಾರು ಎಂದು ಕೇಳಿದರೆ ಶಾಸಕರು ನಕ್ಕುಬಿಟ್ಟರು.

"ನರ್ಸಮ್ಮ ಕಣೋ. ಪಕ್ಷ ಇಲ್ಲ, ಬಾವುಟ ಇಲ್ಲ. ಹೆಗಲಿಗೊಂದು ಚೀಲ, ಅದರೊಳಗೆ ಕರಪತ್ರ."

ನರ್ಸಮ್ಮ ಸರ್ಕಾರಿ ಆಸ್ಪತ್ರೆಯಿಂದ ಹಿಂದಿನ ವರ್ಷ ನಿವೃತ್ತರಾದವರು. ಊರಿನ ಅರ್ಧ ಜನಕ್ಕೆ ಅವರು ಸೂಜಿ ಚುಚ್ಚಿದ್ದರು, ಇನ್ನರ್ಧ ಜನ ಅವರ ಕೈಯಲ್ಲೇ ಭೂಮಿಗೆ ಬಂದವರು. ಇಂಚಣ್ಣ ನಗಲಿಲ್ಲ.

ಹತ್ತು ದಿನ ಕಳೆಯಿತು. ಶಾಸಕರ ಗಾಡಿ ಬೀದಿಯಲ್ಲಿ ಮೂರು ಸಲ ಹಾದುಹೋಯಿತು. ಮೇಲೆ ಮೆತ್ತನೆಯ ಕುರ್ಚಿ, ಪಕ್ಕದಲ್ಲಿ ಬ್ಯಾಟರಿ ಫ್ಯಾನು. ಮೊಣಕಾಲು ನೋವಂತೆ. ಅದೇ ಹತ್ತು ದಿನದಲ್ಲಿ ನರ್ಸಮ್ಮನ ಉಡುಪಿನ ಗಂಟು ಹೆಂಡತಿಯ ಮೆಷಿನ್ನಿಗೆ ಎರಡು ಸಲ ಬಂದು ಹೋಗಿತ್ತು.

"ಏನಂತೆ ಅದು?" ಎಂದ ಇಂಚಣ್ಣ, ಸಹಜವಾಗಿ ಕೇಳಿದವನಂತೆ.

"ನಡು ಸಡಿಲ ಆಗಿದ್ಯಂತೆ. ಬಿಗಿ ಮಾಡಬೇಕಂತೆ."

"ಎಷ್ಟು ಬಿಗಿ?"

ಹೆಂಡತಿ ಮೆಷಿನ್ನು ನಿಲ್ಲಿಸಿ ಅವನನ್ನೇ ನೋಡಿದಳು. "ರೀ, ನಿಮ್ಮ ಪುಸ್ತಕ ನೀವು ನೋಡ್ಕೊಳ್ಳಿ."

ಅವತ್ತೇ ಅವನು ವೃತ್ತಿಯಲ್ಲಿ ಎಂದೂ ಮಾಡದ ಒಂದು ಕಿತಾಪತಿ ಮಾಡಿದ. ಕೋಟಿಗೆ ಇನ್ನೂ ಕಚ್ಚಾ ಹೊಲಿಗೆ ಮಾತ್ರ ಹಾಕಿತ್ತು. ಎರಡೂ ಪಕ್ಕದಿಂದ ಮತ್ತೆ ಒಂದೊಂದು ಇಂಚು ಒಳಗೆ ಎಳೆದು ಹೊಲಿದ. ಆಮೇಲೆ, ಅರ್ಜೆಂಟಾಗಿ ತೋಳು ನೋಡಬೇಕು ಎಂದು ಶಾಸಕರಿಗೆ ಹೇಳಿ ಕಳಿಸಿದ.

ಪರದೆಯ ಹಿಂದೆ ಕೋಟಿನ ಎರಡು ಅಂಚುಗಳು ಮುಖ ತಿರುಗಿಸಿಕೊಂಡ ದಾಯಾದಿಗಳಂತೆ ದೂರ ನಿಂತವು. ಶಾಸಕರು ಉಸಿರು ಒಳಗೆಳೆದರು. ಇನ್ನೂ ಅರ್ಧ ಗೇಣು ಬಾಕಿ.

"ಲೋ, ಏನೋ ಇದು?"

"ನೀನೇ ಹೇಳು. ನಾನು ಯಾವಾಗಿನ ಥರಾನೇ ಕತ್ತರಿಸಿದ್ದು."

"ನಾಲ್ಕನೇ ಸಲ ಎಷ್ಟು ಬಾಕಿ ಇತ್ತು?"

"ಇದರ ಅರ್ಧ."

ಶಾಸಕರು ಸೀಳಿದ ಕನ್ನಡಿಯಲ್ಲಿ ತಮ್ಮನ್ನು ತಾವೇ ಬಹಳ ಹೊತ್ತು ನೋಡಿಕೊಂಡರು. ಪರದೆ ಸರಿಸಿ ಹೊರಬಂದವರು ಗಾಡಿ ಹತ್ತಲಿಲ್ಲ. ಡ್ರೈವರ್ ಬಾಗಿಲು ತೆಗೆದು ನಿಂತೇ ಇದ್ದ, ಅವರು ಬೀಗದ ಅಂಗಡಿ ದಾಟಿ, ಕಬ್ಬಿಣದ ಅಂಗಡಿ ದಾಟಿ, ಕುಂಟುತ್ತ ತಿರುವಿನಲ್ಲಿ ಮರೆಯಾದರು. ಖಾಲಿ ಕುರ್ಚಿಗೆ ಫ್ಯಾನು ಗಾಳಿ ಬೀಸುತ್ತಲೇ ಇತ್ತು. ಇಂಚಣ್ಣ ಒಳಗೆ ಬಂದು ಎಳೆದ ಹೊಲಿಗೆಯನ್ನು ಬಿಚ್ಚಿದ.

"ನಾಚಿಕೆ ಆಗಲ್ವಾ ನಿಮಗೆ?" ಎಂದಳು ಹೆಂಡತಿ, ದಾರ ಕಚ್ಚಿ ತುಂಡರಿಸುತ್ತ.

"ನಡೆದ್ರೆ ಆರೋಗ್ಯಕ್ಕೆ ಒಳ್ಳೇದು ಕಣೇ."

ಹನ್ನೊಂದು ದಿನ ಅವರು ನಡೆದರು. ಕಾಲುವೆ ದಾಟುವ ಮುಂಚೆ ನಕ್ಷೆ ನೋಡಿಕೊಂಡರು ಎಂದೂ ಸುದ್ದಿ ಬಂತು. ಪ್ರಚಾರ ಮುಗಿದ ಮರುದಿನ ಪರದೆಯ ಹಿಂದೆ ನಿಂತು, ಪ್ರತಿ ಸಲದಂತೆ, ಕಣ್ಣು ಮುಚ್ಚಿ ಕೇಳಿದರು.

"ಎಷ್ಟಾಯ್ತೋ?"

"ಮೂವತ್ತೊಂಬತ್ತು. ನೂಲೆಳೆ ಹೆಚ್ಚಿಲ್ಲ, ಕಮ್ಮಿ ಇಲ್ಲ."

ಗುಂಡಿಗಳು ಒಂದರ ಹಿಂದೊಂದು ಸೇರಿದವು. ಇಬ್ಬರೂ ಪರದೆಯ ಒಳಗೆ ಶಾಲೆಯ ಹುಡುಗರಂತೆ ನಕ್ಕರು. ಇಂಚಣ್ಣ ಹೊರಬಂದು ಹೆಂಡತಿಯ ಕಡೆ ಗೆದ್ದವನಂತೆ ನೋಡಿದ. ಅವಳು ನರ್ಸಮ್ಮನ ಉಡುಪನ್ನು ಮೂರನೆಯ ಸಲ ಬಿಗಿ ಮಾಡುತ್ತಿದ್ದಳು; ತಲೆ ಎತ್ತಲಿಲ್ಲ.

ಎಣಿಕೆಯ ದಿನ ಮಧ್ಯಾಹ್ನದವರೆಗೂ ಬೀಗದವನ ರೇಡಿಯೋ ಒಮ್ಮೆ ಇವರು ಮುಂದೆ ಎಂದಿತು, ಒಮ್ಮೆ ಅವರು ಮುಂದೆ ಎಂದಿತು. ಮೂರು ಗಂಟೆಗೆ ಸುಮ್ಮನಾಯಿತು. ಶಾಸಕರು ಐವತ್ತೇಳು ಮತದಿಂದ ಸೋತಿದ್ದರು.

ಇಂಚಣ್ಣ ಎದ್ದು, ಇಸ್ತ್ರಿ ಮಾಡಿಟ್ಟಿದ್ದ ಕೋಟನ್ನು ಕೈಯಲ್ಲಿ ಹಿಡಿದು, ಗೋಡೆಯ ಮುಂದೆ ನಿಂತ. ಮೂರನೆಯ ಮೊಳೆ ಅಲ್ಲಿ ಮೊದಲೇ ಇತ್ತು. ಯಾವಾಗಲೋ ಕ್ಯಾಲೆಂಡರಿಗೆಂದು ಹೊಡೆದದ್ದು.

"ಅಲ್ಲಿ ಹಾಕ್ಬೇಡಿ" ಎಂದಳು ಹೆಂಡತಿ.

"ಸಿದ್ಧಾಂತ ಹೇಗೆ ತಪ್ಪಾಯ್ತೇ? ಎರಡು ಇಂಚು ಪೂರ್ತಿ ಇಳಿದಿದ್ದ!"

"ತಪ್ಪಾಗಿಲ್ಲ. ನೀವು ಒಂದೇ ಪುಸ್ತಕ ಓದಿದ್ರಿ." ಅವಳು ದಾರದ ಉಂಡೆ ಎತ್ತಿಟ್ಟು, "ಆ ಐವತ್ತೇಳರಲ್ಲಿ ಒಂದು ನಂದು" ಎಂದಳು.

ಇಂಚಣ್ಣ ಕೋಟನ್ನು ಮತ್ತೆ ಮೇಜಿನ ಮೇಲೆ ಮಡಿಸಿಟ್ಟ. ಮೂವತ್ನಾಲ್ಕು ವರ್ಷದಲ್ಲಿ ಅವಳು ಅವನಿಗೆ ಕೊಟ್ಟ ಮೊದಲ ಅಂಕಿ ಅದು.

ಮರುದಿನ ಬೆಳಗ್ಗೆ ಹತ್ತಕ್ಕೆ ಮಾಜಿ ಶಾಸಕರು ನಡೆದೇ ಬಂದರು. ಗಾಡಿ ಇರಲಿಲ್ಲ, ಹಿಂದೆ ಮುಂದೆ ಯಾರೂ ಇರಲಿಲ್ಲ. ಪರದೆ ಎಳೆದು, "ಕೊಡೋ ಇಲ್ಲಿ, ಒಂದ್ಸಲ ಹಾಕ್ಕೊಂಡು ನೋಡ್ತೀನಿ" ಎಂದರು. ಕೋಟು ಮೈಗೆ ಅಂಟಿದಂತೆ ಕೂತಿತು. ಬಲಕ್ಕೆ ತಿರುಗಿದರು, ಎಡಕ್ಕೆ ತಿರುಗಿದರು, ಸದನಕ್ಕೆ ಹೇಳುವಂತೆ ಕನ್ನಡಿಗೆ "ಕಿಟಕಿ ಮುಚ್ಚಿ" ಎಂದರು. ಇಂಚಣ್ಣನಿಗೆ ನಗು ಬರಲಿಲ್ಲ.

"ಲೋ, ನಾನೊಂದು ತಪ್ಪು ಮಾಡಿದೀನಿ" ಎಂದ. "ಆ ದಿನ ಕೋಟನ್ನ ಬೇಕಂತಲೇ ಬಿಗಿ ಮಾಡಿದ್ದೆ."

"ಗೊತ್ತು ಕಣೋ. ಕಚ್ಚಾ ಹೊಲಿಗೆಯ ಹಳೇ ತೂತು ಕಾಣ್ತಿತ್ತು. ಇಪ್ಪತ್ತೈದು ವರ್ಷ ನಿನ್ನ ಮುಂದೆ ಕೈ ಎತ್ತಿಕೊಂಡು ನಿಂತಿದೀನಿ, ಅಷ್ಟೂ ಗೊತ್ತಾಗಲ್ವಾ?"

"ಮತ್ತೆ ಯಾಕೆ ನಡೆದೆ?"

"ನೀನು ಹೆದರಿದ್ದೆ. ನಿನ್ನ ಮುಖ ನೋಡಿ ನಾನೂ ಹೆದರಿದೆ." ಅವರು ಗುಂಡಿ ಬಿಚ್ಚತೊಡಗಿದರು. "ನಡೆಯದೇ ಇದ್ದಿದ್ರೆ ಐದು ಸಾವಿರದಿಂದ ಸೋಲ್ತಿದ್ದೆ, ಮಾನ ಉಳೀತು. ಇದನ್ನ ಆ ಮಹಾತಾಯಿಗೆ ಕೊಟ್ಟುಬಿಡು. ಸದನದಲ್ಲಿ ಏಸಿ ನೆತ್ತಿ ಮೇಲೇ ಇರತ್ತೆ, ಹೊಸಬರಿಗೆ ಗೊತ್ತಿರಲ್ಲ, ಮೊದಲ ದಿನಾನೇ ನೆಗಡಿ."

ನರ್ಸಮ್ಮ ಸಂಜೆ ಬಂದರು. ಬೇರೆಯವರ ಕೋಟು ತನಗೇಕೆ ಎಂದು ಮೊದಲು ಹುಬ್ಬು ಗಂಟಿಕ್ಕಿದರು. ಏಸಿಯ ವಿಷಯ ಕೇಳಿ ಒಪ್ಪಿದರು. ನೆಗಡಿ ಅವರಿಗೆ ತಮಾಷೆಯ ವಿಷಯವಲ್ಲ.

ಅಲ್ಲಿಂದ ಮುಂದೆ ಇಂಚಣ್ಣನ ಅವಸ್ಥೆ ಹೇಳತೀರದು. ಅಳತೆ ತೆಗೆದದ್ದು ಹೆಂಡತಿ, ಪರದೆಯ ಹಿಂದೆ. ಅಂಕಿ ಅವನಿಗೆ ಹೇಳುವಂತಿಲ್ಲ. ಅವಳು ಕೋಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದುಕೊಟ್ಟಳು, ಅವನು ಗೆರೆಯ ಮೇಲೆ ಕುರುಡನಂತೆ ಕತ್ತರಿಸಿದ. ತೋಳು ಮೊಟಕಾಯಿತು, ನಡು ಒಳಗೆ ಹೋಯಿತು. ನೀಲಿ ಒಳಪದರ ಬೇಡ ಎಂದರು ನರ್ಸಮ್ಮ, ಹಸಿರೂ ಬೇಡ. ತಮ್ಮ ಹಳೆಯ ಬಿಳಿ ಸಮವಸ್ತ್ರ ಒಂದನ್ನು ತಂದು ಮೇಜಿನ ಮೇಲಿಟ್ಟರು. ಒಗೆದೂ ಒಗೆದೂ ಮೆತ್ತಗಾದ ಬಟ್ಟೆ, ಒಳಪದರಕ್ಕೆ ಹೇಳಿ ಮಾಡಿಸಿದಂತಿತ್ತು. ಗುಂಡಿ ಗಂಡಸರ ಕಡೆಗೆ ಇದೆ, ಬದಲಿಸಿಕೊಡುತ್ತೇನೆ ಎಂದಳು ಹೆಂಡತಿ.

"ಇರ್ಲಿ ಬಿಡಮ್ಮಾ" ಎಂದರು ನರ್ಸಮ್ಮ. "ಗುಂಡಿ ಹಾಕೋಕೆ ಎರಡು ಕೈ ಇದ್ಯಲ್ಲ."

ಪ್ರಮಾಣವಚನದ ದಿನ ಬೀಗದವನು ತನ್ನ ಮನೆಯ ಟಿವಿಯನ್ನು ಅಂಗಡಿಗೆ ಹೊತ್ತು ತಂದ. ಇಂಚಣ್ಣ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತ. ಮಾಜಿ ಶಾಸಕರು ಸ್ಟೂಲಿನ ಮೇಲೆ, ಮೊಣಕಾಲು ನೀವಿಕೊಳ್ಳುತ್ತ. ಟಿವಿಯಲ್ಲಿ ನರ್ಸಮ್ಮ ಎದ್ದು ನಿಂತರು. ಅಕ್ಕಪಕ್ಕದವರೆಲ್ಲ ಕೈಯುಜ್ಜಿಕೊಳ್ಳುತ್ತಿದ್ದರು, ಅವರು ಮಾತ್ರ ಬೆಚ್ಚಗಿದ್ದರು.

"ಎಡಗಡೆ ಭುಜ ಕಾಲಿಂಚು ಮೇಲಿದೆ" ಎಂದ ಇಂಚಣ್ಣ ಸಂಕಟದಿಂದ. "ಥೂ, ಕೊನೇ ಕೋಟು!"

"ಅದು ಅವರ ಭುಜ. ಚೀಲ ಹೊತ್ತು ಹೊತ್ತು ಹಾಗಾಗಿದೆ" ಎಂದಳು ಹೆಂಡತಿ. "ಬಾಯಿ ಮುಚ್ಕೊಂಡು ನೋಡಿ."

ಅವನು ಬಾಯಿ ಮುಚ್ಚಿಕೊಂಡು ನೋಡಿದ. ಪ್ರಮಾಣವಚನ ಮುಗಿದ ಮೇಲೆ ಗಂಡಸರ ಪುಸ್ತಕ ತೆರೆದು, ಆರನೆಯ ಚುನಾವಣೆಯ ಸಾಲಿನಲ್ಲಿ ನಲವತ್ತೊಂದು, ಮೂವತ್ತೊಂಬತ್ತು, ಸೋಲು ಎಂದು ಬರೆದ. ಕೋಟು ಎಂಬ ಕಡೆ ಪೆನ್ನು ಎತ್ತಿ ಹಿಡಿದು ಸ್ವಲ್ಪ ಯೋಚಿಸಿ, 'ಸದನಕ್ಕೆ ಹೋಗಿದೆ' ಎಂದು ಸೇರಿಸಿದ.

"ಲೋ" ಎಂದರು ಮಾಜಿ ಶಾಸಕರು ಸ್ಟೂಲಿನಿಂದ, ಪರದೆ ಇಲ್ಲದೆಯೇ, ಬೀಗದವನ ಎದುರಿಗೇ. "ಏಳನೇದಕ್ಕೆ ಅಳತೆ ಯಾವಾಗ ತಗೋತೀಯ?"

ಇಂಚಣ್ಣ ಕೊರಳ ಟೇಪನ್ನು ತೆಗೆದು ಹೆಂಡತಿಯ ಮೆಷಿನ್ನಿನ ಮೇಲೆ ಇಟ್ಟ. ಅವಳು ಅದನ್ನು ಸುತ್ತಿ ಡ್ರಾಯರಿಗೆ ಹಾಕಿ, ಕೀಲಿ ತಿರುಗಿಸಿದಳು.