ಹುಲ್ಡಮ್ಮನ ತಿರುಪು ಮತ್ತು ಗೋಡಿಯ ತೋಟಾಗಳು

ನಮ್ಮ ಹಿಂಟರ್‌ಬೂಲ್ ಊರಿನಲ್ಲಿ ನಲವತ್ತಮೂರು ಗಂಡಸರಿದ್ದರು, ನಲವತ್ತೊಂದು ರೈಫಲ್‌ಗಳಿದ್ದವು. ಸೈನ್ಯದಿಂದ ನಿವೃತ್ತರಾಗುವಾಗ ಮನೆಗೆ ತಂದವು, ಅಪ್ಪನಿಂದ ಬಂದವು, ಎಲ್ಲ ಬೋಲ್ಟ್ ಎಳೆದು ಒಂದೊಂದೇ ಗುಂಡು ಹೊಡೆಯುವ ಹಳೆಯ ಕಾಲದವು. ಆ ನಲವತ್ತೊಂದರ ಗುರಿಯನ್ನೂ ನೇರ ಮಾಡುತ್ತಿದ್ದವರು ಒಬ್ಬರೇ, ಹುಲ್ಡಾ ಬೀರಿ. ಅವರ ಗಂಡ ಆರ್ಮಿನ್ ಸೈನ್ಯದಲ್ಲಿ ಬಂದೂಕು ರಿಪೇರಿಯವನಾಗಿದ್ದ. ಸಾವಿರದ ಒಂಬೈನೂರ ಐವತ್ತೊಂದರಲ್ಲಿ ನ್ಯುಮೋನಿಯಾ ಆಗಿ ತೀರಿಕೊಂಡಾಗ ಹೆಂಡತಿಗೆ ಬಿಟ್ಟುಹೋದದ್ದು ಎರಡು ಹಸು, ಒಂದು ಕಬ್ಬಿಣದ ತಿರುಪು ಮತ್ತು ಬಗೆಬಗೆಯ ಎತ್ತರದ ಗುರಿಮೊಳೆಗಳಿದ್ದ ಒಂದು ತಗಡಿನ ಡಬ್ಬಿ.

ಗುರಿಮೊಳೆ ಎಂದರೆ ನಳಿಗೆಯ ತುದಿಯಲ್ಲಿ ನಿಂತಿರುವ ಚಿಕ್ಕ ಮೊಳೆ. ಗುಂಡು ಎಡಕ್ಕೆ ಹೋದರೆ ಮೊಳೆಯನ್ನೂ ಎಡಕ್ಕೇ ಸರಿಸಬೇಕು, ಮೇಲಕ್ಕೆ ಹೋದರೆ ಇನ್ನೂ ಎತ್ತರದ ಮೊಳೆ ಹಾಕಬೇಕು. ಇದು ಎಷ್ಟು ಹೇಳಿದರೂ ನಮ್ಮ ಗಂಡಸರ ತಲೆಗೆ ಇಳಿಯಲಿಲ್ಲ. ಹಾಗಾಗಿ ಶನಿವಾರ ಬಂತೆಂದರೆ ಸೈಕಲ್ಲಿನ ಮೇಲೆ ರೈಫಲ್ ಕಟ್ಟಿಕೊಂಡು ಹುಲ್ಡಮ್ಮನ ಅಡುಗೆಮನೆಗೆ ಬರುತ್ತಿದ್ದರು. ಅವರು ನಳಿಗೆಯ ತುದಿಗೆ ತಿರುಪು ಬಿಗಿದು, ಮೊಳೆ ಸರಿಯುವಂತೆ ತಿರುಗಿಸುತ್ತಿದ್ದರು, ಕಾಫಿ ಕೊಡುತ್ತಿದ್ದರು. ಗಂಡಸರು ಹೋಗಿ ಮೊದಲಿಗಿಂತ ಚೆನ್ನಾಗಿ ಹೊಡೆಯುತ್ತಿದ್ದರು.

ಗುಟ್ಟು ನನಗೆ ಗೊತ್ತಾದದ್ದು ಬಹಳ ಆಮೇಲೆ. ನಾನು ಶೂಟಿಂಗ್ ಸಂಘದ ಕಾರ್ಯದರ್ಶಿಯಾಗಿದ್ದರಿಂದ, ಬರೆದಿಡುವುದಿಲ್ಲ ಎಂದು ಆಣೆ ಮಾಡಿಸಿಕೊಂಡು ಹೇಳಿದರು. ಮೊದಲ ಆರೇಳು ವರ್ಷ ನಿಜವಾಗಿಯೇ ಸರಿಸುತ್ತಿದ್ದರಂತೆ. ಆಮೇಲೆ ಗಮನಿಸಿದರೆ, ಈ ಶನಿವಾರ ಎಡಕ್ಕೆ ಎಂದವನು ಮುಂದಿನ ಶನಿವಾರ ಬಲಕ್ಕೆ ಎನ್ನುತ್ತಿದ್ದ. ಹೆಂಡತಿಯ ಜೊತೆ ಜಗಳ ಆಡಿದವನ ಗುಂಡು ಕೆಳಕ್ಕೆ, ಹಿಂದಿನ ಸಂಜೆ ಕುಡಿದವನದು ಎಲ್ಲ ಕಡೆಗೆ. ಆವತ್ತಿನಿಂದ ಹುಲ್ಡಮ್ಮ ತಿರುಪನ್ನು ಅರ್ಧ ಸುತ್ತು ಮುಂದಕ್ಕೆ, ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ, ಮೂಗಿನಿಂದ ಒಂದು ಗಂಭೀರ ಸದ್ದು ಹೊರಡಿಸಿ, ರೈಫಲ್ ವಾಪಸು ಕೊಡತೊಡಗಿದರು.

ಎಲ್ಲರಿಗೂ ವಾಸಿಯಾಯಿತು. ಗೋಡಿ ಜೌಗ್‌ಗೆ ಮಾತ್ರ ಆಗಲಿಲ್ಲ.

ಗೋಡಿ ಚೀಸ್ ಮಾಡುವವನು. ಅಳತೆ, ಶಾಖ, ಹೊತ್ತು ಎಲ್ಲವೂ ಕರಾರುವಾಕ್ಕಾಗಿರಬೇಕು ಅನ್ನುವ ಜಾತಿ. ಅರವತ್ತಮೂರರ ವಸಂತದಲ್ಲಿ ಅವನ ಗುಂಡುಗಳು ಮೇಲಕ್ಕೆ ಹೋಗತೊಡಗಿದವು. ಮುನ್ನೂರು ಮೀಟರಿನಾಚೆಯ ಗುರಿಹಲಗೆಯಲ್ಲಿ ನಡುವಿಗಿಂತ ಮೂರು ಬೆರಳು ಮೇಲೆ, ಹತ್ತೂ ಒಟ್ಟಿಗೆ, ಅಚ್ಚುಕಟ್ಟಾಗಿ. ಹುಲ್ಡಮ್ಮನಿಗೆ ಇದು ವಿಚಿತ್ರವೆನಿಸಿತು, ಏಕೆಂದರೆ ಮನಸ್ಸು ಕೆಟ್ಟವನು ಇಷ್ಟು ಅಚ್ಚುಕಟ್ಟಾಗಿ ತಪ್ಪುವುದಿಲ್ಲ. ಆ ರೈಫಲ್ಲನ್ನು ಸಂಘದ ಅಧ್ಯಕ್ಷ ಅರ್ನ್‌ಸ್ಟ್‌ನ ಕೈಗೆ ಕೊಟ್ಟು, ಸಂಘದ ಡಬ್ಬಿಯ ತೋಟಾ ಹಾಕಿಸಿ ಹೊಡೆಸಿದರು. ಅರ್ನ್‌ಸ್ಟ್ ನಮ್ಮೂರ ಬೇಕರಿಯವನು, ದಪ್ಪ ಮನುಷ್ಯ, ಸಾವಕಾಶದವನು. ಅವನು ಹೊಡೆದದ್ದು ನಟ್ಟನಡುವಿಗೆ. ರೈಫಲ್ ಸರಿಯಾಗಿಯೇ ಇತ್ತು. ಆದ್ದರಿಂದ ಮೂರನೇ ಸಲ ಬಂದ ಗೋಡಿ ಎತ್ತರದ ಮೊಳೆ ಬೇಕೆಂದು ಹಟ ಹಿಡಿದಾಗ, ಹುಲ್ಡಮ್ಮ ಹಳೆಯದನ್ನು ಬಿಚ್ಚಿ, ಡಬ್ಬಿಯನ್ನು ಗಲಗಲ ಕೆದಕಿ, ಅದನ್ನೇ ಮತ್ತೆ ಹಾಕಿದರು.

ಮರುವಾರ ಮೊಟ್ಟೆ ತರುವ ನೆಪದಲ್ಲಿ ಗೋಡಿಯ ಮನೆಗೆ ಹೋದರು. ಮೊಟ್ಟೆ ಮೂರೇ ಇವೆ ಎಂದಳು ಅವನ ಹೆಂಡತಿ ಫ್ರೀಡಾ. ಕಂದು ಬಣ್ಣದ ಕೋಳಿಯೊಂದು ಮೂಲೆಯಲ್ಲಿ ಕಾವು ಕೂತಿತ್ತು. ಹುಲ್ಡಮ್ಮ ಅದರ ಕೆಳಗೆ ಕೈ ಹಾಕಿದರು, ಕೋಳಿ ಕುಕ್ಕಿತು, ಕೈಗೆ ಬೆಚ್ಚಗೆ ಏನೋ ಉದ್ದನೆಯದು ತಾಗಿತು. ಹೊರತೆಗೆದರೆ ತೋಟಾ. ಒಟ್ಟು ಇಪ್ಪತ್ತನಾಲ್ಕಿದ್ದವು. ತಣ್ಣಗಿನ ಮದ್ದು ಸೋಮಾರಿ ಅಂತ ಇವರ ತಾತ ಹೇಳ್ತಿದ್ರಂತೆ ಎಂದು ಫ್ರೀಡಾ ನಾಚಿಕೊಂಡು ಹೇಳಿದಳು. ಶೂಟಿಂಗಿಗೆ ಹೋಗುವಾಗ ಅವನ್ನು ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ, ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಳ್ಳುತ್ತಾನಂತೆ.

ಆ ಶನಿವಾರ ಹುಲ್ಡಮ್ಮ ವಿಷಯ ಹೇಳಲೆಂದೇ, ಸಂಘದವರು ಗುರಿ ಹೊಡೆಯುವ ಶೂಟಿಂಗ್ ಮನೆಗೆ ಬಂದರು. ಆದರೆ ಗೋಡಿ ಮೊದಲು ಬಾಯಿ ತೆರೆದ. ಅವನು ಮೇಣದಬತ್ತಿಯ ಮಸಿಯಿಂದ ಗುರಿಮೊಳೆಯನ್ನು ಹೊಳೆಯದಂತೆ ಕಪ್ಪು ಮಾಡುತ್ತಿದ್ದವನು ಥಟ್ಟನೆ ನಿಂತ.

"ಹುಲ್ಡಮ್ಮ, ಹೋದ ಸಲ ಬರೋಕೆ ಮುಂಚೆ ಈ ಮೊಳೆಗೆ ಸೂಜಿಯಿಂದ ಗೀರು ಹಾಕಿದ್ದೆ. ಆ ಗೀರು ಇಲ್ಲೇ ಇದೆ. ನೀವು ಮೊಳೆ ಬದಲಾಯಿಸ್ಲೇ ಇಲ್ಲ."

"ಇಲ್ಲ," ಅಂದರು ಹುಲ್ಡಮ್ಮ.

ಮನೆಯೊಳಗೆ ಹದಿನೇಳು ಗಂಡಸರಿದ್ದರು. ಹದಿನೇಳೂ ಜನ ತಮ್ಮ ತಮ್ಮ ನಳಿಗೆಯ ತುದಿಯನ್ನು ನೋಡಿಕೊಂಡರು. ಅರ್ನ್‌ಸ್ಟ್ ಮೆಲ್ಲಗೆ, "ನಂದೋ?" ಎಂದು ಕೇಳಿದ.

"ನಿಮ್ದು ಐವತ್ತೆಂಟರಿಂದ ಮುಟ್ಟಿಲ್ಲ. ಮುಟ್ಟೋ ಅಷ್ಟು ಏನೂ ಆಗಿರ್ಲಿಲ್ಲ. ಸೊಟ್ಟ ಇದ್ದದ್ದು ಬಂದೂಕಿನ ಈ ತುದಿ," ಎನ್ನುತ್ತ ಹುಲ್ಡಮ್ಮ ರೈಫಲ್ಲಿನ ಹಿಡಿಯ ಕಡೆ, ಎಂದರೆ ಅರ್ನ್‌ಸ್ಟ್‌ನ ಹೊಟ್ಟೆಯ ಕಡೆ ಬೆರಳು ತೋರಿಸಿದರು. ಆಮೇಲೆ ಗೋಡಿಯ ಕಡೆ ತಿರುಗಿ, "ಆ ಕೋಳಿ ಕೆಳಗಿರೋದನ್ನ ನೀವೇ ಹೇಳ್ತೀರೋ, ನಾನು ಹೇಳ್ಲೋ?"

ಗೋಡಿ ಮತ್ತೆ ಮೊಳೆಗೆ ಮಸಿ ಹಿಡಿಯತೊಡಗಿದ. ಅವರೇ ಹೇಳಿದರು. ಬೆಚ್ಚಗಿನ ಮದ್ದು ಜೋರಾಗಿ ಉರಿಯುತ್ತದೆ, ಗುಂಡು ಅವಸರ ಮಾಡುತ್ತದೆ, ಅದಕ್ಕೇ ಮೂರು ಬೆರಳು ಮೇಲೆ ಎಂದು ವಿವರಿಸುವಷ್ಟರಲ್ಲಿ ಯಾರೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಹದಿನಾರು ಜನ ಕೋಳಿಯಂತೆ ಕೂಗುತ್ತಿದ್ದರು. ಅಂಚೆಯವ ಬೆಂಚಿನ ಮೇಲೆ ಕೂತು ಕಾವು ಕೊಟ್ಟು ತೋರಿಸಿದ.

ಅರ್ನ್‌ಸ್ಟ್ ಡಬ್ಬಿಯಿಂದ ಹತ್ತು ತಣ್ಣನೆಯ ತೋಟಾ ಎಣಿಸಿ ಕೊಟ್ಟ. ಗೋಡಿ ಕೆಂಪು ಮುಖ ಮಾಡಿಕೊಂಡು ನೆಲದ ಮೇಲೆ ಬೋರಲು ಮಲಗಿ ಗುರಿ ಹಿಡಿದ. ಒಂಬತ್ತು ಗುಂಡು ನಟ್ಟನಡುವಿಗೆ ಬಿದ್ದವು, ಒಂದೊಂದಕ್ಕೂ ಹತ್ತು ಅಂಕ. ಕೂಗು ನಿಂತಿತು. ನಮ್ಮ ಊರಿನಲ್ಲಿ ಯಾರೂ ನೂರಕ್ಕೆ ನೂರು ಹೊಡೆದಿರಲಿಲ್ಲ. ಹತ್ತನೆಯದನ್ನು ಹೊಡೆದ. ಆಚೆ ಹಲಗೆಗಳ ಕೆಳಗಿನ ಗುಂಡಿಯಲ್ಲಿ ಕೂತು ಅಂಕ ತೋರಿಸುವವರು ಅವನ ಹಲಗೆಯಲ್ಲಿ ತೂತೇ ಇಲ್ಲವೆಂದು ಕೋಲು ಬೀಸಿದರು. ಪಕ್ಕದ ಅರ್ನ್‌ಸ್ಟ್‌ನ ಹಲಗೆಯಲ್ಲಿ ಮಾತ್ರ ಒಂದು ಸೊಗಸಾದ ಹತ್ತು ಎದ್ದುನಿಂತಿತು. ಅರ್ನ್‌ಸ್ಟ್ ಆಗಿನ್ನೂ ರೈಫಲ್ ಮುಟ್ಟಿರಲಿಲ್ಲ. ಅವನು ಎದ್ದುನಿಂತು ಟೋಪಿ ತೆಗೆದು ಗೋಡಿಗೆ ವಂದಿಸಿದ.

ಮುಂದಿನ ಶನಿವಾರ ಹುಲ್ಡಮ್ಮನ ಮನೆಗೆ ಯಾರೂ ಹೋಗಲಿಲ್ಲ. ಮಾಡಿದ ಕಾಫಿ ಉಳಿದು ಬೇಜಾರಾಯಿತೆಂದು ಆಮೇಲೆ ನನ್ನ ಹತ್ತಿರ ಹೇಳಿಕೊಂಡರು. ಅದರ ಮುಂದಿನ ಶನಿವಾರ ಅಂಚೆಯವ ಕೊಟ್ಟಿಗೆಯ ಬಾಗಿಲಿನಿಂದ ಬಂದು, ಬೇರೆಯವರದು ಹೇಗಾದರೂ ಇರಲಿ, ತನ್ನದು ನಿಜಕ್ಕೂ ಎಡಕ್ಕೆ ಹೋಗುತ್ತಿದೆ ಎಂದ. ಅವನ ಹಿಂದೆ ಅರ್ನ್‌ಸ್ಟ್ ಬಂದ, ಅವನದೂ ಅದೇ ಮಾತು. ತಿಂಗಳು ಮುಗಿಯುವ ಹೊತ್ತಿಗೆ ಅಡುಗೆಮನೆ ತುಂಬಿತ್ತು. ಪ್ರತಿಯೊಬ್ಬನೂ, ಬೇರೆಯವರಿಗೆ ಮಾಡಿದ ಹಾಗೆ ತನಗೆ ಮಾಡಬೇಡಿ ಎಂದು ಕಿವಿಯಲ್ಲಿ ಹೇಳುತ್ತಿದ್ದ. ಹುಲ್ಡಮ್ಮ ಪ್ರತಿಯೊಬ್ಬನಿಗೂ ಆಯಿತು ಎನ್ನುತ್ತಿದ್ದರು. ಗೋಡಿಯೂ ಬಂದ. ಅವನ ಮೊಳೆಯನ್ನು ಅವನ ಕಣ್ಣೆದುರೇ ಕೂದಲೆಳೆಯಷ್ಟು ಸರಿಸಿ, ಅವನ ಕಣ್ಣೆದುರೇ ವಾಪಸು ತಂದರು. ಅವನು ಸಮಾಧಾನದಿಂದ ಹೋದ.

ಎಪ್ಪತ್ತೊಂದರಲ್ಲಿ ಕೈ ನಡುಗತೊಡಗಿದಾಗ ಹುಲ್ಡಮ್ಮ ತಿರುಪನ್ನು ಫ್ರೀಡಾಗೆ ಕೊಟ್ಟು, ಒಂದು ಮಧ್ಯಾಹ್ನ ಕೂರಿಸಿಕೊಂಡು ಕಲಿಸಿದರು. ಕಲಿಯಲು ಬಹಳ ಹೊತ್ತು ಹಿಡಿದದ್ದು ಆ ಮೂಗಿನ ಸದ್ದೇ ಅಂತೆ. ಆ ವರ್ಷದ ಸಭೆಯಲ್ಲಿ ಸಂಘ ಅವರನ್ನು ಗೌರವ ಸದಸ್ಯರನ್ನಾಗಿ ಮಾಡಿತು. ಹೆಂಗಸರಲ್ಲಿ ಅವರೇ ಮೊದಲಿಗರು. ಅರ್ನ್‌ಸ್ಟ್ ಕಾಲು ಗಂಟೆ ಹೊಗಳಿ, ಎರಡು ಮಾತಾಡಿ ಎಂದು ಕೇಳಿಕೊಂಡ. ಹುಲ್ಡಮ್ಮ ಎದ್ದುನಿಂತು ಎಲ್ಲರನ್ನೂ ಒಮ್ಮೆ ನೋಡಿದರು.

"ಸೂಪ್ ಆರ್‍ತಾ ಇದೆ, ಕೂತ್ಕೊಳಿ," ಎಂದರು. ನಾವು ಕೂತೆವು.