ಮಹಡಿಯ ಮನೆಯಲ್ಲಿ ಹಾಲುಕ್ಕಿದ ಬೆಳಿಗ್ಗೆ

ಮಾಲೂರಿನ ನಮ್ಮ ಮನೆಯ ಮಹಡಿಗೆ ಅಮೆರಿಕದ ಕುಟುಂಬವೊಂದು ಬಾಡಿಗೆಗೆ ಬಂದ ದಿನ ನಾನು ಕಂಡದ್ದನ್ನು ಕಂಡ ಹಾಗೆಯೇ ಬರೆಯಲು ನೋಡುತ್ತೇನೆ. ಈಗಲೂ ಒಲೆಯ ಮೇಲೆ ಹಾಲು ಮೇಲೇರತೊಡಗಿದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಗಂಡ, ಹೆಂಡತಿ, ಎಂಟು ವರ್ಷದ ಮಗಳು. ಹೆಂಡತಿ ಶಿವಾರಪಟ್ಟಣದಲ್ಲಿ ಕಲ್ಲಿನ ಕೆತ್ತನೆ ಕಲಿಯಲು ಬಂದವಳು. ಗಂಡನದು ಮನೆಯಲ್ಲೇ ಕೂತು ಮಾಡುವ ಕೆಲಸ. ಕೋಲಾರದ ಲಾಡ್ಜಿನಲ್ಲಿದ್ದುಕೊಂಡು ಮನೆ ಹುಡುಕಿ ಸಾಕಾಗಿದ್ದರು. ನಮ್ಮ ಅತ್ತೆ ಒಪ್ಪಿದ್ದು ಒಂದೇ ಮಾತಿನ ಮೇಲೆ: ಸಾಮಾನು ಒಳಗೆ ಹೋಗುವ ಮೊದಲು ಹಾಲುಕ್ಕಬೇಕು. ಹಿಂದಿನ ಬಾಡಿಗೆಯವರು ಅದೆಲ್ಲ ಬೇಡವೆಂದು ಮಂಚ ಹೊತ್ತು ಸೀದಾ ಒಳಗೆ ಹೋಗಿದ್ದರು. ವರ್ಷ ತುಂಬುವುದರೊಳಗೆ ಗಂಡ ಹೆಂಡತಿ ಬೇರೆ ಬೇರೆ ಆಟೋದಲ್ಲಿ ಮನೆ ಬಿಟ್ಟರು. ಅದು ಅತ್ತೆಯ ಮನಸ್ಸಿನಿಂದ ಹೋಗಿರಲಿಲ್ಲ.

ಅಂದು ಶುಕ್ರವಾರ. ಹತ್ತೂವರೆಗೆ ರಾಹುಕಾಲ. ಸೂಟ್‌ಕೇಸುಗಳು ಮೆಟ್ಟಿಲ ಕೆಳಗೆ ಕಾಯುತ್ತಿದ್ದವು. ಒಲೆಗೆ ಅರಿಸಿನ ಕುಂಕುಮ ಹಚ್ಚಿ, ಹೊಸ ಪಾತ್ರೆಗೆ ಹಾಲು ಸುರಿದು, ಅತ್ತೆ ಹೆಂಡತಿಯ ಕೈಯಿಂದ ಒಲೆ ಹಚ್ಚಿಸಿದರು. ಹೊಸ ಮನೆಯಲ್ಲಿ ಮೊದಲು ಹಾಲು ಕಾಯಿಸುತ್ತೇವೆ ಎಂದು ನಾನು ಇಂಗ್ಲಿಷಿನಲ್ಲಿ ವಿವರಿಸಿದ್ದೆ. ಅದು ಚೆಲ್ಲಬೇಕು ಎಂದು ಬಿಡಿಸಿ ಹೇಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಹಾಲು ಬಿಳಿ ಗುಡ್ಡೆಯಂತೆ ಎದ್ದಿತು. ಅಂಚಿಗೆ ಬಂತು. ಅತ್ತೆ ಕೈಮುಗಿದರು. ಅಷ್ಟರಲ್ಲಿ ಗಂಡ ಒಂದೇ ಹೆಜ್ಜೆಗೆ ಮುಂದೆ ಬಂದು, ಶರ್ಟಿನ ತುದಿಯಲ್ಲಿ ಹಿಡಿದು ಪಾತ್ರೆಯನ್ನು ಕೆಳಗಿಳಿಸಿಬಿಟ್ಟ. ಒಂದು ಹನಿಯೂ ಚೆಲ್ಲಲಿಲ್ಲ. ಅವನ ಮುಖದಲ್ಲಿ ಸಮಾಧಾನವಿತ್ತು.

"ಅಯ್ಯೋ ದೇವುಡಾ," ಎಂದು ಅತ್ತೆ ಗೋಡೆಗೆ ಒರಗಿದರು. ಇಳಿಸಿದ ಹಾಲನ್ನು ಮತ್ತೆ ಇಡುವಂತಿಲ್ಲ. ಸಾಮಾನು ಕೆಳಗೇ ಇರಲಿ ಎಂದರು. ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಗಂಡ ಬಿಳಿಚಿಕೊಂಡ. ಮತ್ತೆ ಲಾಡ್ಜಿಗಾ ಎಂದು ಮಗಳು ಕೇಳಿದಳು. ಬೇರೆ ಹಾಲಾದರೆ ಆಗುತ್ತದೆಯೇ ಎಂದು ಹೆಂಡತಿ ಕೇಳಿದಳು. ಅತ್ತೆ ಗಡಿಯಾರ ನೋಡಿ, ಆಗಬಹುದು ಎನ್ನುವಂತೆ ತಲೆಯಾಡಿಸಿದರು.

ಹೆಂಡತಿ ಚೆಂಬು ಹಿಡಿದು ಬರಿಗಾಲಲ್ಲೇ ಬೀದಿಗೆ ಓಡಿದಳು. ನಾನು ಹಿಂದೆ ಓಡಿದೆ. ಎದುರುಮನೆಯ ಹಸು ಸಾಕಿದ ಹೆಂಗಸಿನ ಮುಂದೆ ನಿಂತು, ಕಲ್ಲು ಕುಟಿಗರಿಂದ ಕಲಿತ ಕನ್ನಡದಲ್ಲಿ ಹೇಳಿದಳು: "ಅಕ್ಕಾ, ಹಾಲು ಬೇಕು. ಬೇಗ."

ನಾನು ನಡೆದದ್ದನ್ನು ಹೇಳಿದೆ. ಆಕೆ ಸೆರಗು ಬಾಯಿಗಿಟ್ಟು ನಕ್ಕಳು. "ಡೈರಿಗೆ ಹಾಕಿ ಮಿಕ್ಕಿದ್ದು ಇಷ್ಟೇ ಕಣಮ್ಮ. ದೊಡ್ಡ ಪಾತ್ರೆಗೆ ಹಾಕಿದ್ರೆ ತಳದಾಗೇ ಕೂತ್ಕೊತದೆ. ನಡಿ, ಚಿಕ್ಕದು ನಾನೇ ತತ್ತೀನಿ. ಆ ನಿನ್ ಗಂಡನ್ನ ಮಾತ್ರ ಹಿಡ್ಕೊ."

ಕೊನೆಯ ಮಾತನ್ನು ನಾನು ಅನುವಾದಿಸಿದೆ. ಹೆಂಡತಿ ಅದನ್ನು ಅಕ್ಷರಶಃ ಪಾಲಿಸಿದಳು. ಹೊಸ ಹಾಲು ಒಲೆಯ ಮೇಲಿರುವಷ್ಟು ಹೊತ್ತೂ ಗಂಡನ ಎರಡೂ ಕೈಗಳನ್ನು ಹಿಂದಕ್ಕೆ ಸೇರಿಸಿ ಹಿಡಿದು ನಿಂತಳು. ಬಾಗಿಲಲ್ಲಿ ಅಕ್ಕಪಕ್ಕದವರು ಸೇರಿದರು. ಗಡಿಯಾರದ ಮುಳ್ಳು ಹತ್ತೂವರೆಗೆ ಹತ್ತಿರವಾಗಿತ್ತು. ಮಗಳು ಮೊಣಕೈ ಊರಿ ಪಾತ್ರೆಯನ್ನೇ ನೋಡುತ್ತಿದ್ದಳು. ಮೊದಲು ಅಂಚಿನಲ್ಲಿ ಸಣ್ಣ ಗುಳ್ಳೆಗಳು. ಆಮೇಲೆ ಕೆನೆ ಸುಕ್ಕಾಯಿತು, ನಡುವೆ ಉಬ್ಬಿತು. ಗಂಡನ ಭುಜ ಒಮ್ಮೆ ಮುಂದಕ್ಕೆ ಜಗ್ಗಿದ್ದನ್ನು ನಾನು ನೋಡಿದೆ. ಹೆಂಡತಿ ಬಿಡಲಿಲ್ಲ.

ಹಾಲು ಪೂರ್ವದ ಬದಿಗೆ ಉಕ್ಕಿ ಹರಿಯಿತು. ಉರಿ ಚುಂಯ್ ಎಂದು ಆರಿತು. ಮಗಳು ಕುಣಿದಳು, ಬಾಗಿಲಲ್ಲಿದ್ದವರು ಚಪ್ಪಾಳೆ ತಟ್ಟಿದರು. ಅತ್ತೆ ಗ್ಯಾಸ್ ತಿರುಗಿಸಿ ಕಣ್ಣೊರೆಸಿಕೊಂಡರು.

ಬಿಡಿಸಿಕೊಂಡ ಕೂಡಲೇ ಗಂಡ ಒಲೆ ಒರೆಸಲು ಬಟ್ಟೆ ಎತ್ತಿಕೊಂಡ. ಅತ್ತೆ ಅವನ ಮಣಿಕಟ್ಟು ಹಿಡಿದರು.

"ಇರ್ಲಿ ಬಿಡಪ್ಪ. ಅದು ಹಂಗೇ ಇರ್ಬೇಕು. ನೀನ್ ಹೋಗಿ ಸಾಮಾನು ತಗೊಂಬಾ."

ಅನುವಾದ ಬೇಕಾಗಲಿಲ್ಲ. ಅವರು ಬೆರಳು ಮೆಟ್ಟಿಲ ಕಡೆಗೆ ತೋರಿಸುತ್ತಿದ್ದರು. ಮೊದಲ ಸೂಟ್‌ಕೇಸಿನೊಂದಿಗೆ ಅವನು ಮೇಲೆ ಬರುವಷ್ಟರಲ್ಲಿ, ಅವನು ಉಳಿಸಿದ್ದ ಹಾಲಿನಲ್ಲಿ ನಮ್ಮ ಅಡುಗೆಮನೆಯಲ್ಲಿ ಎಲ್ಲರಿಗೂ ಕಾಫಿ ಆಗುತ್ತಿತ್ತು.